ಕ್ರೀಟ್‌ನ ದಕ್ಷಿಣ ತೀರ: ಸುಮ್ನೆ ಕೂರುವುದಕ್ಕೆ ಯಾವ ಊರು ಸರಿ?

ಗ್ರೀಸ್ ಅಂದ ಕೂಡಲೇ ಜನ ಸಾಂತೊರಿನಿ ಅನ್ನುತ್ತಾರೆ. ಬಿಳಿ ಗೋಡೆ, ನೀಲಿ ಗುಮ್ಮಟ, ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಜಾತ್ರೆಯ ನೂಕುನುಗ್ಗಲು. ಅದೇ ಬೇಕಿದ್ದರೆ ಅಲ್ಲಿಗೇ ಹೋಗಿ, ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ನಾಲ್ಕೈದು ದಿನ ಕಡಲಿಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು, ಊಟ, ಈಜು, ನಿದ್ದೆ ಬಿಟ್ಟು ಬೇರೇನೂ ಮಾಡದೆ ಇರಬೇಕು ಅನ್ನುವವರಿಗೆ.

ಅದಕ್ಕೆ ನನಗೆ ಗೊತ್ತಿರುವ ಜಾಗ ಕ್ರೀಟ್ ದ್ವೀಪದ ದಕ್ಷಿಣ ತೀರ. ಕ್ರೀಟ್ ಗ್ರೀಸ್‌ನ ಅತಿ ದೊಡ್ಡ ದ್ವೀಪ, ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ. ವಿಮಾನ ನಿಲ್ದಾಣ, ಹೆದ್ದಾರಿ, ದೊಡ್ಡ ಹೋಟೆಲ್ ಎಲ್ಲವೂ ಹೆಚ್ಚಾಗಿ ಉತ್ತರದ ಕಡೆ. ದಕ್ಷಿಣದಲ್ಲಿ, ಅದರಲ್ಲೂ ನೈರುತ್ಯ ಮೂಲೆಯಲ್ಲಿ, 2,400 ಮೀಟರ್‌ಗೂ ಎತ್ತರದ ಲೆಫ್ಕಾ ಓರಿ ಬೆಟ್ಟಸಾಲು ನೇರ ಸಮುದ್ರಕ್ಕೇ ಇಳಿದುಬಿಡುತ್ತದೆ. ತೀರದ ಉದ್ದಕ್ಕೂ ರಸ್ತೆ ಮಾಡಲು ಜಾಗವೇ ಇಲ್ಲ. ಹಾಗಾಗಿ ರಸ್ತೆ ಇರುವ ಒಂದೊಂದು ಊರಿಗೂ ಬೆಟ್ಟದ ಮೇಲಿಂದ ಒಂದೊಂದು ರಸ್ತೆ ಇಳಿದು ಅಲ್ಲಿಗೇ ಮುಗಿಯುತ್ತದೆ, ಪಕ್ಕದ ಊರಿಗೆ ಹೋಗಬೇಕಿದ್ದರೆ ದೋಣಿ ಹತ್ತಬೇಕು, ಇಲ್ಲವೇ ನಡೆಯಬೇಕು. ಈ ಊರುಗಳು ಚಿಕ್ಕದಾಗಿಯೇ ಉಳಿದಿರುವುದು ಇದೇ ಕಾರಣಕ್ಕೆ.

ನಾನಿರುವುದು ಜರ್ಮನಿಯಲ್ಲಿ. ಅಲ್ಲಿಂದ ಮೂರು ಸಲ ಹೋಗಿ ಬಂದಿದ್ದೇನೆ. ಒಮ್ಮೆ ಒಬ್ಬನೇ, ಒಮ್ಮೆ ಹೆಂಡತಿ ಜೊತೆ, ಒಮ್ಮೆ ಆಯಿಯನ್ನೂ, ಅಂದರೆ ಅಮ್ಮನನ್ನೂ, ಕರೆದುಕೊಂಡು. ಮೊದಲ ಸಲ ಬೀಚ್ ಫೋಟೋ ನೋಡಿ ಊರು ಆರಿಸಿದ್ದೆ. ಅದು ತಪ್ಪು. ಇಲ್ಲಿ ನೀರು ಎಲ್ಲ ಕಡೆಯೂ ಚೆನ್ನಾಗಿಯೇ ಇದೆ, ನೋಡಬೇಕಾದ್ದು ಬೇರೆ. ಸಂಜೆ ಕೊನೆಯ ದೋಣಿ, ಕೊನೆಯ ಬಸ್ ಹೋದ ಮೇಲೆ ಊರಲ್ಲಿ ಯಾರು ಉಳಿಯುತ್ತಾರೆ? ಗಾಳಿ ಬಂದರೆ ಎಲ್ಲಿ ಕೂರುತ್ತೀರಿ? ಅರ್ಜೆಂಟಾಗಿ ಹೊರಡಬೇಕಾದರೆ ಹೊರಡಲು ದಾರಿ ಇದೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಊರು ತಾನಾಗಿಯೇ ಗೊತ್ತಾಗುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಮ್ಯಾಪ್‌ನಲ್ಲಿರುವ ಇಂಗ್ಲಿಷ್ ಅಕ್ಷರ ಓದಿಕೊಂಡು ಬಸ್ ಸ್ಟ್ಯಾಂಡಿನಲ್ಲಿ 'ಸೌಗಿಯಾ' ಅಂತ ಕೇಳಿದೆ, ಟಿಕೆಟ್ ಕೊಡುವವಳು ಎರಡು ಸಲ 'ಏನು?' ಅಂದಳು. ಅದು ಸೂಯಾ. ಉತ್ತರ ತೀರದಲ್ಲಿ ವಿಮಾನ ಇಳಿಯುವ ಪೇಟೆ 'ಚಾನಿಯಾ' ಅಲ್ಲ, ಹನ್ಯಾ. 'ಅಗಿಯಾ ರೌಮೆಲಿ' ಅಲ್ಲ, ಆಯಾ ರೂಮೆಲಿ. ಇಲ್ಲಿ ನಾನು ಅಲ್ಲಿನವರು ಹೇಳುವ ಹಾಗೆಯೇ ಬರೆಯುತ್ತೇನೆ.

ಎಲ್ಲರೂ ಕೇಳುವುದು ಲೂತ್ರೋ ಬಗ್ಗೆ, ಅದರಿಂದಲೇ ಶುರು ಮಾಡೋಣ. ಲೂತ್ರೋಗೆ ರಸ್ತೆಯೇ ಇಲ್ಲ. ಹೋರಾ ಸ್ಫಾಕಿಯೋನ್ ಅನ್ನುವ ಊರಿನ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಇಪ್ಪತ್ತು ನಿಮಿಷ ದೋಣಿ. ದೋಣಿ ಒಂದು ಮೂಲೆ ತಿರುಗಿದ ಕೂಡಲೇ ಕುದುರೆ ಲಾಳದ ಹಾಗಿರುವ ಸಣ್ಣ ಕೊಲ್ಲಿ, ಅದರ ಅಂಚಿಗೆ ಒಂದೇ ಸಾಲು ಬಿಳಿ ಮನೆಗಳು, ನೀಲಿ ಕಿಟಕಿಗಳು, ಹಿಂದೆ ಬೋಳು ಬೆಟ್ಟ. ಕಾರಿಲ್ಲ, ಬೈಕಿಲ್ಲ, ಹಾರ್ನ್ ಇಲ್ಲ. ಮೊದಲ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಅಷ್ಟು ನಿಶ್ಶಬ್ದ. ಬೆಳಗ್ಗೆ ಕೋಣೆಯ ಮೆಟ್ಟಿಲು ಇಳಿದರೆ ಹೋಟೆಲಿನ ಟೇಬಲ್, ಟೇಬಲ್ ದಾಟಿದರೆ ನೀರು. ಕಾಲು ಒದ್ದೆ ಮಾಡಿಕೊಂಡು ಕಾಫಿ ಕುಡಿಯಬಹುದು, ಉತ್ಪ್ರೇಕ್ಷೆ ಅಲ್ಲ.

ಆದರೆ ಲೂತ್ರೋ ಪೂರ್ತಿ ಪ್ರವಾಸಿಗರದ್ದೇ ಊರು. ಇರುವುದೆಲ್ಲ ಬಾಡಿಗೆ ಕೋಣೆ ಮತ್ತು ತವೆರ್ನಾ, ಅಂದರೆ ಅಲ್ಲಿನ ಊಟದ ಹೋಟೆಲು. ಬೀಚ್ ಅನ್ನುವುದು ಒಂದು ತುಂಡು ಕಲ್ಲಿನ ದಡ. ಹೆಚ್ಚು ಜಾಗ ಬೇಕಿದ್ದರೆ ಪೂರ್ವಕ್ಕೆ ಗ್ಲಿಕಾ ನೆರಾ, ಅಂದರೆ ಸಿಹಿನೀರು, ಅನ್ನುವ ಬೀಚಿಗೆ ನಡೆಯಬೇಕು ಅಥವಾ ಚಿಕ್ಕ ದೋಣಿಯಲ್ಲಿ ಹೋಗಬೇಕು. ಅಲ್ಲಿ ಉಪ್ಪುನೀರಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಕಲ್ಲು ಬಗೆದರೆ ಕುಡಿಯುವ ಸಿಹಿನೀರು ಬರುತ್ತದೆ. ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್‌ಗೆ ಬಂಡೆ ದಾರಿಯಲ್ಲಿ ನಡೆದವರಿಗೆ ಈ ದಾರಿಯ ಅಂದಾಜು ಸಿಗುತ್ತದೆ. ಆದರೆ ಇದು ಅದಕ್ಕಿಂತ ಉದ್ದ, ನೆರಳಿಲ್ಲ, ಕೆಲವು ಕಡೆ ಒಂದು ಪಕ್ಕ ನೇರ ಪ್ರಪಾತ. ಎತ್ತರದ ಭಯ ಇರುವವರು ದೋಣಿಯಲ್ಲೇ ಹೋಗಿ.

ಇನ್ನೊಂದು ತೊಂದರೆ ಗಾಳಿ. ಕ್ರೀಟ್‌ನವರು ಬೆಳಗ್ಗೆ ಎದ್ದ ಕೂಡಲೇ 'ಇವತ್ತು ಎಷ್ಟು ಬೋಫೋರ್?' ಅಂತ ಕೇಳುತ್ತಾರೆ. ಬೋಫೋರ್ಸ್ ಅಂದರೆ ನಮ್ಮ ವಯಸ್ಸಿನವರಿಗೆ ಫಿರಂಗಿ ಮತ್ತು ರಾಜೀವ್ ಗಾಂಧಿ ಮಾತ್ರ ನೆನಪಾಗುವುದು, ಆದರೆ ಇದು ಗಾಳಿಯ ವೇಗ ಅಳೆಯುವ ಬ್ಯೂಫೋರ್ಟ್ ಮಾಪಕದ ಗ್ರೀಕ್ ಉಚ್ಚಾರ. ಏಳೆಂಟು ಬೋಫೋರ್ ಆದರೆ ದೋಣಿ ನಿಂತುಹೋಗುವುದು ಮಾಮೂಲು. ನಾವು ಲೂತ್ರೋ ಬಿಡಬೇಕಿದ್ದ ದಿನವೇ ದೋಣಿ ಬರಲಿಲ್ಲ. ಮರುದಿನದ ವಿಮಾನ ತಪ್ಪಿತು, ಹೊಸ ಟಿಕೆಟ್ಟಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ವಾರ ಅಲ್ಲೇ ಉಳಿಯಬಹುದಿತ್ತು. ಕೋಣೆಯ ಯಜಮಾನಿ ಮಾತ್ರ ನಗುತ್ತಾ ಒಂದು ರಾತ್ರಿ ಬಾಡಿಗೆ ಕಡಿಮೆ ಮಾಡಿದಳು. ಆಮೇಲೆ ಓದಿದೆ: ಲೂತ್ರೋ ಪಕ್ಕದಲ್ಲಿದ್ದ ಹಳೆಯ ಬಂದರು ಫೀನಿಕ್ಸ್ ಬೈಬಲ್ಲಿನಲ್ಲೂ ಬರುತ್ತದೆ. ಸಂತ ಪೌಲನಿದ್ದ ಹಡಗು ಚಳಿಗಾಲ ಕಳೆಯಲು ಅಲ್ಲಿಗೆ ಹೊರಟಿತ್ತು, ದಾರಿಯಲ್ಲಿ ಬಿರುಗಾಳಿ ಹೊಡೆದು ಮಾಲ್ಟಾ ತನಕ ಕೊಚ್ಚಿಕೊಂಡು ಹೋಯಿತು. ಎರಡು ಸಾವಿರ ವರ್ಷದ ಹಿಂದಿನ ಕಥೆ, ಅದೇ ಕಡಲು. ಹಾಗಾಗಿ ವಾಪಸ್ ವಿಮಾನದ ಹಿಂದಿನ ರಾತ್ರಿ ಲೂತ್ರೋದಲ್ಲಿ ಉಳಿಯಬೇಡಿ, ಹನ್ಯಾಕ್ಕೆ ಬಂದುಬಿಡಿ.

ಲೂತ್ರೋಗೆ ಎರಡು ಅಥವಾ ಮೂರು ರಾತ್ರಿ ಸಾಕು. ಗಂಡ ಹೆಂಡತಿ ಇಬ್ಬರೇ ಆದರೆ ಇದಕ್ಕಿಂತ ಚೆಂದದ ಜಾಗ ಸಿಗುವುದಿಲ್ಲ. ಓಡಾಡುವ ಚಿಕ್ಕ ಮಕ್ಕಳಿದ್ದರೆ ಎಲ್ಲಿ ನೋಡಿದರೂ ನೀರಿನ ಅಂಚು, ನೀವು ಕುರ್ಚಿಯಲ್ಲಿ ಕೂರುವುದೇ ಇಲ್ಲ.

ಹೋರಾ ಸ್ಫಾಕಿಯೋನ್‌ನಲ್ಲೇ ಉಳಿಯಬಹುದಾ ಅಂತ ಕೆಲವರು ಕೇಳುತ್ತಾರೆ. ಉಳಿಯಬಹುದು, ಆದರೆ ಅದು ಹತ್ತಿ ಇಳಿಯುವ ಜಾಗ. ದೋಣಿ, ಬಸ್, ಸೂಟ್‌ಕೇಸಿನ ಚಕ್ರದ ಸದ್ದು. 1941ರ ಮೇ ಕೊನೆಯಲ್ಲಿ ಜರ್ಮನರಿಂದ ತಪ್ಪಿಸಿಕೊಂಡು ಬೆಟ್ಟ ಇಳಿದು ಬಂದ ಸಾವಿರಾರು ಬ್ರಿಟಿಷ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರು ಹಡಗು ಹತ್ತಿದ್ದು ಇಲ್ಲಿಂದಲೇ, ಆಗಲೂ ಅದು ಹತ್ತುವ ಜಾಗವೇ. ಒಂದು ಸ್ಫಾಕಿಯಾನಿ ಪಿತಾ ತಿಂದು ಮುಂದೆ ಹೋಗಿ. ನಮ್ಮ ಹೋಳಿಗೆಯಂತೆಯೇ: ತೆಳ್ಳಗೆ ಲಟ್ಟಿಸಿದ ರೊಟ್ಟಿ, ಒಳಗೆ ಮಿಜಿಥ್ರಾ ಅನ್ನುವ ಹಸಿ ಚೀಸಿನ ಹೂರಣ, ಮೇಲೆ ಜೇನುತುಪ್ಪ. ಎರಡು ತಿಂದೆ.

ಆಯಾ ರೂಮೆಲಿ ವಿಚಿತ್ರವಾದ ಊರು. ಸಮಾರಿಯಾ ಕಣಿವೆಯ ಬಾಯಲ್ಲಿದೆ. ಮೇ ತಿಂಗಳಿಂದ ಅಕ್ಟೋಬರ್ ತನಕ ದಿನವೂ ಜನ 1,200 ಮೀಟರ್ ಮೇಲಿಂದ ಸುಮಾರು 16 ಕಿಲೋಮೀಟರ್ ನಡೆದು ಇಲ್ಲಿಗೆ ಇಳಿಯುತ್ತಾರೆ. ಇಲ್ಲಿಗೂ ರಸ್ತೆ ಇಲ್ಲ. ಮಧ್ಯಾಹ್ನ ಹನ್ನೆರಡರಿಂದ ಸಂಜೆ ಐದರ ತನಕ ನೋಡಬೇಕು: ಬೂಟು ಕಳಚಿ ಕಾಲು ನೀರಿಗೆ ಬಿಟ್ಟವರು, ಕುಂಟುತ್ತಿರುವವರು, ಬಿಯರ್ ಲೋಟ ಹಿಡಿದು ಟೇಬಲ್ ಮೇಲೇ ನಿದ್ದೆ ಹೋದವರು. ಐದೂವರೆ ಹೊತ್ತಿಗೆ ದೊಡ್ಡ ದೋಣಿ ಬಾಗಿಲು ತೆರೆದುಕೊಂಡು ಬರುತ್ತದೆ, ಎಲ್ಲರೂ ಸಾಲು ನಿಂತು ಒಳಗೆ ಹೋಗುತ್ತಾರೆ, ಬಾಗಿಲು ಮೇಲೇಳುತ್ತದೆ. ಹತ್ತೇ ನಿಮಿಷ. ದಡದಲ್ಲಿ ಒಂದೆರಡು ಬೆಕ್ಕು, ಟೇಬಲ್ ಒರೆಸುತ್ತಿರುವ ಹುಡುಗ, ಮತ್ತು ನೀವು. ಮದುವೆ ಮನೆಯಲ್ಲಿ ನೆಂಟರೆಲ್ಲ ಹೊರಟ ಮೇಲೆ ಚಪ್ಪರದ ಕೆಳಗೆ ಕೂತ ಹಾಗೆ ಅನಿಸುತ್ತದೆ. ಕಪ್ಪು ಕಲ್ಲಿನ ಬೀಚು, ಬಿಸಿಲಿಗೆ ಕೆಂಡದ ಹಾಗೆ ಕಾಯುತ್ತದೆ, ಚಪ್ಪಲಿ ಇಲ್ಲದೆ ನೀರಿಗೆ ಹೋಗುವ ಧೈರ್ಯ ಮಾಡಬೇಡಿ. ಕಣಿವೆ ನಡೆಯುವವರು ಅವತ್ತೇ ದೋಣಿ ಹತ್ತದೆ ಒಂದು ರಾತ್ರಿ ಇಲ್ಲೇ ಉಳಿಯಿರಿ. ಬರೀ ವಿಶ್ರಾಂತಿಗೆ ಅಂತ ಬರುವವರಿಗೆ ಹಗಲಿನ ಗದ್ದಲ ಕಿರಿಕಿರಿ.

ಈಗ ಸೂಯಾ. ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ, ನನಗೆ ಇದೇ ಇಷ್ಟ. ಹನ್ಯಾದಿಂದ ಸುಮಾರು 70 ಕಿಲೋಮೀಟರ್, ಬೆಟ್ಟದ ದಾರಿ, ಆಗುಂಬೆ ಘಾಟಿಯಲ್ಲಿ ಹೊಟ್ಟೆ ತೊಳಸುವವರು ಬಸ್ಸಿನ ಮುಂದಿನ ಸೀಟು ಹಿಡಿಯಿರಿ. ಊರು ಅಂದರೆ ಒಂದು ರಸ್ತೆ ಕಡಲಿಗೆ ಬಂದು ಮುಗಿಯುತ್ತದೆ, ಅಲ್ಲಿಂದ ಎಡಕ್ಕೂ ಬಲಕ್ಕೂ ತವೆರ್ನಾಗಳ ಒಂದು ಸಾಲು, ಎದುರಿಗೆ ಕಿಲೋಮೀಟರಿಗೂ ಉದ್ದದ ಬೂದು ಕಲ್ಲಿನ ದಡ. ಅಷ್ಟೇ. ದಡ ಇಷ್ಟು ಅಗಲ ಉದ್ದ ಇರುವುದರಿಂದ ಆಗಸ್ಟಿನಲ್ಲೂ ಜಾಗಕ್ಕೆ ಜಗಳವಿಲ್ಲ. ಅಲ್ಮಿರಿಕಿ ಮರಗಳ ನೆರಳಿದೆ. ಉಪ್ಪುನೀರಿಗೂ ಜಗ್ಗದ ಮರ ಅದು, ನೋಡುವುದಕ್ಕೆ ನಮ್ಮ ಕರಾವಳಿಯ ಗಾಳಿ ಮರದ ತಮ್ಮನ ಹಾಗೆ. ಕೆಳಗೆ ಚಾಪೆ ಹಾಸಿ ಮಲಗಿದರೆ ಯಾರೂ ದುಡ್ಡು ಕೇಳುವುದಿಲ್ಲ.

ಪೂರ್ವದ ತುದಿಗೆ ಬಟ್ಟೆ ಇಲ್ಲದೆ ಸ್ನಾನ ಮಾಡುವವರು ಇರುತ್ತಾರೆ, ಹಳೆಯ ಪದ್ಧತಿ. ಆ ತುದಿಗೆ ಹೋಗದಿದ್ದರೆ ಆಯಿತು, ಅಲ್ವಾ. ಅವರ ಪಾಡಿಗೆ ಅವರು, ನಿಮ್ಮ ಪಾಡಿಗೆ ನೀವು.

ಸೂಯಾದಲ್ಲಿ ಒಂದು ದಿನ ಬೇಜಾರಾದರೆ ಲಿಸ್ಸೋಸ್‌ಗೆ ನಡೆದು ಹೋಗಿ. ಬಂದರಿನ ಹಿಂದಿನಿಂದ ಒಂದು ಸಣ್ಣ ಕಣಿವೆ ಹತ್ತಿ, ಆಚೆ ಇಳಿದರೆ ಆಲಿವ್ ಮರಗಳ ನಡುವೆ ಹಾಳು ಬಿದ್ದ ಹಳೆಯ ಊರು. ಒಂದೂಕಾಲು ಗಂಟೆಯ ನಡಿಗೆ. ಅಸ್ಕ್ಲೀಪಿಯಸ್ ಅನ್ನುವ ವೈದ್ಯದೇವರ ಗುಡಿ ಅಲ್ಲಿತ್ತು. ಪಕ್ಕದ ಒರತೆಯ ನೀರು ಕುಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ದೂರದಿಂದ ರೋಗಿಗಳು ಬರುತ್ತಿದ್ದರಂತೆ. ಗುಡಿಯ ನೆಲದಲ್ಲಿ ಬಣ್ಣದ ಕಲ್ಲುಚೂರಿನ ಚಿತ್ತಾರ ಇನ್ನೂ ಉಳಿದಿದೆ. ನಾವು ಹೋದ ದಿನ ಅಲ್ಲಿದ್ದದ್ದು ನಾವಿಬ್ಬರು ಮತ್ತು ಕುತ್ತಿಗೆ ಗಂಟೆಯ ಆಡುಗಳು.

ಸೂಯಾದ ಕೊರತೆ ಅಂದರೆ ಕಲ್ಲು. ಮರಳು ಇಲ್ಲ. ನೀರಿಗೆ ಇಳಿಯುವಾಗ ಅಂಗಾಲು ಚುಚ್ಚುತ್ತದೆ, ನಾಲ್ಕು ಹೆಜ್ಜೆಗೇ ನೀರು ಆಳವಾಗುತ್ತದೆ. ಈಜು ಬಾರದವರಿಗೆ ಇದು ಸರಿಯಲ್ಲ. ರಬ್ಬರ್ ಶೂ ತೆಗೆದುಕೊಂಡು ಹೋಗಿ, ಅಲ್ಲೂ ಸಿಗುತ್ತದೆ. ರಾತ್ರಿ ಹತ್ತರ ಮೇಲೆ ಮಾಡಲು ಏನೂ ಇಲ್ಲ. ಅದನ್ನು ನಾನು ಕೊರತೆ ಅನ್ನುವುದಿಲ್ಲ, ನನ್ನ ಹೆಂಡತಿ ಅನ್ನುತ್ತಾಳೆ.

ಆಯಿಯನ್ನು ಕರೆದುಕೊಂಡು ಹೋದದ್ದು ಪಾಲಿಯೋಹೋರಾಕ್ಕೆ. ಇದು ಹಳ್ಳಿಗಿಂತ ಸ್ವಲ್ಪ ದೊಡ್ಡದು, ಸಣ್ಣ ಪೇಟೆ. ಶಾಲೆ, ಬೇಕರಿ, ಔಷಧಿ ಅಂಗಡಿ, ಡಾಕ್ಟರು, ಎಟಿಎಂ ಎಲ್ಲ ಇದೆ. ಚಳಿಗಾಲದಲ್ಲೂ ಜನ ವಾಸ ಮಾಡುವ ಊರು, ಹಿಂದೆ ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಹಸಿರುಮನೆಗಳ ಸಾಲು, ಅದು ಚೆಂದವಿಲ್ಲ, ಆದರೆ ಆ ಟೊಮೆಟೊ ತಿಂದರೆ ಕ್ಷಮಿಸಿಬಿಡುತ್ತೀರಿ. ಊರು ಸಮುದ್ರಕ್ಕೆ ಚಾಚಿದ ನಾಲಿಗೆಯ ಮೇಲಿದೆ. ಪಶ್ಚಿಮಕ್ಕೆ ಪಾಹ್ಯಾ ಆಮ್ಮೋಸ್, ಅಗಲವಾದ ಮರಳಿನ ಬೀಚು, ತುಂಬ ದೂರದ ತನಕ ಆಳವಿಲ್ಲ. ಪೂರ್ವಕ್ಕೆ ಕಲ್ಲಿನ ದಡ. ಇದರ ಲಾಭ ಗೊತ್ತಾಗುವುದು ಗಾಳಿ ಎದ್ದ ದಿನ. ಪಶ್ಚಿಮದಲ್ಲಿ ಮರಳು ಹಾರುತ್ತಿದ್ದರೆ ಐದು ನಿಮಿಷ ನಡೆದು ಪೂರ್ವಕ್ಕೆ ಬಂದರೆ ನೀರು ಕನ್ನಡಿ. ಈ ತೀರದಲ್ಲಿ ಗಾಳಿಯಿಂದ ತಪ್ಪಿಸಿಕೊಳ್ಳಲು ಇಷ್ಟು ಸುಲಭದ ಊರು ನಾನು ಬೇರೆ ಕಂಡಿಲ್ಲ.

ಆಯಿ ಹೊನ್ನಾವರದ ಕಡೆಯವಳು, ಅರಬ್ಬಿ ಸಮುದ್ರ ನೋಡಿಕೊಂಡೇ ಬೆಳೆದವಳು. ಮೊದಲ ದಿನ ದಡದಲ್ಲಿ ನಿಂತು, 'ಇದೆಂಥ ಸಮುದ್ರವೋ, ಕೆರೆ ಇದ್ದಂಗಿದ್ದು' ಅಂದಳು. ಎರಡನೇ ದಿನ ಸೀರೆ ಮೊಣಕಾಲ ತನಕ ಎತ್ತಿ ನೀರಿನಲ್ಲಿ ಅರ್ಧ ಗಂಟೆ ನಿಂತಿದ್ದಳು. ಸಂಜೆ ಮುಖ್ಯ ಬೀದಿಗೆ ವಾಹನ ಬಿಡುವುದಿಲ್ಲ, ರಸ್ತೆಯ ಮಧ್ಯಕ್ಕೇ ಹೋಟೆಲಿನ ಟೇಬಲ್ ಬರುತ್ತವೆ. ಅಲ್ಲಿನ ಮುದುಕಿಯರು ಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿ ಬರುವವರನ್ನು ನೋಡುತ್ತಾರೆ. ಆಯಿ ಮೂರನೇ ದಿನದ ಹೊತ್ತಿಗೆ ಅವರಲ್ಲಿ ಒಬ್ಬರ ಪಕ್ಕ ಕೂತಿದ್ದಳು. ಇವಳಿಗೆ ಗ್ರೀಕ್ ಬಾರದು, ಅವರಿಗೆ ಕನ್ನಡ ಬಾರದು, ಒಂದು ಗಂಟೆ ಮಾತು ನಡೆಯಿತು.

ಊರ ಮೇಲೆ 13ನೇ ಶತಮಾನದ ವೆನಿಸ್‌ನವರ ಕೋಟೆಯ ಗೋಡೆಗಳಿವೆ, ಒಳಗೆ ಏನೂ ಉಳಿದಿಲ್ಲ, ನೋಟ ಚೆನ್ನಾಗಿದೆ. ಬೇಸಿಗೆಯಲ್ಲಿ ಇಲ್ಲಿಂದ ಎಲಫೊನಿಸಿ ಬೀಚಿಗೆ ದೋಣಿ ಇದೆ. ಸೂಯಾಗೆ ದೋಣಿಯಲ್ಲಿ ಸುಮಾರು ಮುಕ್ಕಾಲು ಗಂಟೆ, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ಮರಳಿನಲ್ಲಿ ಆಡುವ ಮಕ್ಕಳಿರುವವರು ಬೇರೆ ಯೋಚನೆ ಮಾಡದೆ ಪಾಲಿಯೋಹೋರಾ ಆರಿಸಿ. ಪೂರ್ತಿ ಮೌನ ಬೇಕು ಅನ್ನುವವರಿಗೆ ಬೀದಿಯ ಗಲಗಲ ಸ್ವಲ್ಪ ಜಾಸ್ತಿ ಅನಿಸಬಹುದು, ಪೂರ್ವದ ದಡದ ಕಡೆ ಕೋಣೆ ಹಿಡಿದರೆ ಅದೂ ಇಲ್ಲ.

ಪ್ಲಾಕಿಯಾಸ್ ನಾನು ಮೊದಲ ಸಲ ಫೋಟೋ ನೋಡಿ ಆರಿಸಿದ ಊರು. ಉತ್ತರ ತೀರದ ರೆಥಿಮ್ನೋದಿಂದ ಬಸ್ಸಿದೆ, ಕುರ್ತಾಲ್ಯೋತಿಕೋ ಕಮರಿಯ ನಡುವೆ ಇಳಿಯುತ್ತದೆ, ಆ ದಾರಿಯೇ ಒಂದು ಸೊಗಸು. ಉದ್ದದ ಮರಳು ದಡ, ಚೆಂದದ ಕೊಲ್ಲಿ, ಬಾಡಿಗೆಯೂ ಲೂತ್ರೋಗಿಂತ ಕಡಿಮೆ ಇತ್ತು. ಆದರೆ ಆಗಸ್ಟಿನಲ್ಲಿ ಉತ್ತರದ ಮೆಲ್ತೆಮಿ ಗಾಳಿ ಬೆಟ್ಟದ ಸಂದಿಯಿಂದ ನುಗ್ಗಿ ನೇರ ಬೀಚಿಗೇ ಬೀಳುತ್ತದೆ. ನಾಲ್ಕು ದಿನದಲ್ಲಿ ಮೂರು ದಿನ ನನ್ನ ಟವೆಲ್ ಹಾರಿತು, ತಿನ್ನುತ್ತಿದ್ದ ಟೊಮೆಟೊಗೆ ಮರಳಿನ ಒಗ್ಗರಣೆ ಬಿತ್ತು. ಕಾರು ಇದ್ದವರಿಗೆ ಮಾತ್ರ ಈ ಊರು ಬೇರೆಯದೇ ಆಗುತ್ತದೆ. ಪಕ್ಕದ ದಾಮ್ನೋನಿ ಬೀಚು ಇದೆ. ಪ್ರೆವೆಲಿ ಇದೆ, ಅಲ್ಲಿ ನದಿಯೊಂದು ಈಚಲು ಮರಗಳ ತೋಪಿನೊಳಗಿಂದ ಬಂದು ಸಮುದ್ರ ಸೇರುತ್ತದೆ. 2010ರಲ್ಲಿ ಬೆಂಕಿ ಬಿದ್ದು ಆ ತೋಪು ಕರಕಲಾಗಿತ್ತು, ಬುಡದಿಂದ ಮತ್ತೆ ಚಿಗುರಿದೆ. ಸುತ್ತಾಡುವುದೂ ಬೇಕು, ರಾತ್ರಿ ಸುಮ್ನೆ ಇರುವುದೂ ಬೇಕು ಅನ್ನುವವರಿಗೆ, ಮೇ ಅಥವಾ ಸೆಪ್ಟೆಂಬರಿನಲ್ಲಿ, ಪ್ಲಾಕಿಯಾಸ್ ಸರಿ. ಬರೀ ಕೂರುವುದಕ್ಕೆ ನಾನಂತೂ ಮತ್ತೆ ಹೋಗುವುದಿಲ್ಲ.

ಸಸ್ಯಾಹಾರಿಗಳ ಭಯಕ್ಕೆ ಬರುತ್ತೇನೆ. ಭಯ ಬೇಡ. ಗ್ರೀಕರಲ್ಲಿ ಚರ್ಚಿನ ಉಪವಾಸದ ದಿನಗಳು ಬಹಳ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆಗೆ 'ನಿಸ್ತೀಸಿಮೋ' ಅನ್ನುತ್ತಾರೆ. ಆ ಒಂದು ಪದ ಹೇಳಿದರೆ ಅಡುಗೆಯವಳಿಗೆ ನಿಮ್ಮ ಕಷ್ಟ ತಕ್ಷಣ ಅರ್ಥವಾಗುತ್ತದೆ. ಆದರೆ ಅವರ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ಎಲ್ಲ ನಡೆಯುತ್ತದೆ, ಅದೊಂದು ಬೇಡ ಅಂತ ಬಿಡಿಸಿ ಹೇಳಿ. ಟೊಮೆಟೊ, ದಪ್ಪ ಮೆಣಸಿನಕಾಯಿಗೆ ಅನ್ನ ತುಂಬಿ ಬೇಯಿಸಿದ ಗೆಮಿಸ್ತಾ ಕೇಳಿ. ಕೆಲವು ಕಡೆ ಅದಕ್ಕೆ ಖೀಮಾ ಹಾಕುತ್ತಾರೆ, ಕೇಳಿಕೊಂಡೇ ತಿನ್ನಿ. ಬಾಮ್ಯೆಸ್ ಅಂದರೆ ಟೊಮೆಟೊ ಹಾಕಿದ ಬೆಂಡೆಕಾಯಿ ಪಲ್ಯ. ದಾಕೋಸ್ ಅಂದರೆ ಜವೆಗೋಧಿಯ ಗಟ್ಟಿ ರಸ್ಕಿನ ಮೇಲೆ ಟೊಮೆಟೊ ತುರಿ, ಚೀಸು, ಆಲಿವ್ ಎಣ್ಣೆ. ಮತ್ತೆ ಹೋರ್ತಾ. ಗುಡ್ಡದಿಂದ ಕಿತ್ತು ತಂದ ಸೊಪ್ಪು ಬೇಯಿಸಿ, ಎಣ್ಣೆ ನಿಂಬೆಹುಳಿ ಹಾಕಿ ಕೊಡುತ್ತಾರೆ. ಬೇಸಿಗೆಯಲ್ಲಿ ಬರುವ ವ್ಲೀತಾ ನಮ್ಮ ಹರಿವೆ ಸೊಪ್ಪಿನದೇ ಜಾತಿ. ಆಯಿ ಒಂದು ತುತ್ತು ತಿಂದು ನನ್ನ ಮುಖ ನೋಡಿದಳು, ಒಂದು ಒಗ್ಗರಣೆ ಹಾಕಲಿಲ್ಲವಲ್ಲ ಅಂತ. ಊಟ ಮುಗಿದ ಮೇಲೆ ಕೇಳದೆಯೇ ಕಲ್ಲಂಗಡಿ ಹೋಳಿನ ಜೊತೆ ಪುಟ್ಟ ಶೀಸೆಯಲ್ಲಿ ನೀರಿನಂಥದ್ದು ಬರುತ್ತದೆ. ನೀರಲ್ಲ, ರಾಕಿ, ದ್ರಾಕ್ಷಿಯ ಸಿಪ್ಪೆಯಿಂದ ಇಳಿಸಿದ್ದು. ಆಯಿ ಅದನ್ನು ನೀರು ಅಂತ ಲೋಟಕ್ಕೆ ಬಗ್ಗಿಸಿಕೊಳ್ಳುವಷ್ಟರಲ್ಲಿ ಹಿಡಿದೆ.

ಯಾವಾಗ ಹೋಗುವುದು ಅನ್ನುವುದು ಯಾವ ಊರು ಅನ್ನುವಷ್ಟೇ ಮುಖ್ಯ. ಆಗಸ್ಟ್ 15 ಮಾತೆ ಮರಿಯಳ ಹಬ್ಬ, ಅದರ ಹಿಂದೆ ಮುಂದೆ ಗ್ರೀಕರೇ ರಜೆ ಹಾಕಿ ಕಡಲಿಗೆ ಬರುತ್ತಾರೆ, ಕೋಣೆ ಸಿಗುವುದಿಲ್ಲ. ಮೇ ತಿಂಗಳಲ್ಲಿ ಬೆಟ್ಟ ಹಸಿರು, ಹೂವು, ಆದರೆ ನೀರು ತಣ್ಣಗೆ. ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ ಮಧ್ಯದ ತನಕ ನೀರು ಬೆಚ್ಚಗಿರುತ್ತದೆ, ಜನ ಇಳಿದಿರುತ್ತಾರೆ. ನವೆಂಬರಿನಲ್ಲಿ ಲೂತ್ರೋ, ಆಯಾ ರೂಮೆಲಿಗಳಲ್ಲಿ ಹೆಚ್ಚುಕಮ್ಮಿ ಬಾಗಿಲು ಹಾಕಿರುತ್ತದೆ.

ಭಾರತದಿಂದ ಬರುವವರಿಗೆ ಶೆಂಗೆನ್ ವೀಸಾ ಬೇಕು, ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದಲೇ ಅರ್ಜಿ ಹಾಕಬಹುದು, ಬೇಸಿಗೆಗೆ ಆದರೆ ತಡಮಾಡಬೇಡಿ. ಅಥೆನ್ಸಿನಿಂದ ಹನ್ಯಾಕ್ಕೆ ವಿಮಾನದಲ್ಲಿ ಒಂದು ಗಂಟೆಯೂ ಇಲ್ಲ. ಪಿರೇಯಸ್ ಬಂದರಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗ್ಗೆ ಹನ್ಯಾ ಪಕ್ಕದ ಸೂದಾಕ್ಕೆ ಬಂದಿಳಿಯುತ್ತೀರಿ, ಒಂದು ರಾತ್ರಿಯ ಬಾಡಿಗೆ ಉಳಿಯಿತು. ಭಾನುವಾರ ದಕ್ಷಿಣಕ್ಕೆ ಬಸ್ ಕಡಿಮೆ, ನೋಡಿಕೊಳ್ಳಿ. ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಭಾರತದಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ಅಲ್ಲಿ ಓಡಿಸುವುದು ಬಲಗಡೆ. ಲೂತ್ರೋಗೆ ಹೋಗುವವರಿಗೆ ಕಾರು ಹೋರಾ ಸ್ಫಾಕಿಯೋನ್‌ನಲ್ಲಿ ಸುಮ್ನೆ ನಿಂತಿರುತ್ತದೆ, ಬೇಡ.

ಒಂದೇ ವಾರ ಇದ್ದರೆ ಒಂದೇ ಊರು ಹಿಡಿಯಿರಿ, ಹೆಚ್ಚೆಂದರೆ ಎರಡು. ದಿನಕ್ಕೊಂದು ಊರು ಅಂತ ಹೊರಟರೆ ದೋಣಿಯ ಟೈಮ್‌ಟೇಬಲ್ ನೋಡುವುದೇ ರಜೆ ಆಗುತ್ತದೆ. ನಾವು ಈ ಅಕ್ಟೋಬರಿಗೆ ಸೂಯಾದಲ್ಲಿ ಐದು ರಾತ್ರಿ, ಹನ್ಯಾದಲ್ಲಿ ಒಂದು ರಾತ್ರಿ ಬುಕ್ ಮಾಡಿದ್ದೇವೆ. ಆಯಿಗೆ ಫೋನ್ ಮಾಡಿ ಬರುತ್ತೀಯಾ ಅಂತ ಕೇಳಿದೆ. ಮರಳಿದ್ದ ಊರಿಗಾದರೆ ಬರುತ್ತಾಳಂತೆ, ಕಲ್ಲಿನ ಊರಿಗೆ ನೀವಿಬ್ಬರೇ ಹೋಗಿ ಅಂದಳು.